ಎರೆನಾಡಿನ ದಾರಿಯಲ್ಲಿ ನೀಲಿ ಕಿಡಿ

ಹುಬ್ಬಳ್ಳಿಯಿಂದ ನವಲಗುಂದದ ಕಡೆಗೆ ಹೊರಟ ಬಸ್ಸು ಊರ ಹೊರಗಿನ ಗೋದಾಮುಗಳನ್ನು ದಾಟಿತೆಂದರೆ ಆಮೇಲೆ ಕಣ್ಣಿಗೆ ಅಡ್ಡ ಬರುವಂಥದು ಏನೂ ಇಲ್ಲ. ಎರಡೂ ಬದಿಗೆ ಎರೆ ಹೊಲ, ಮೇಲೆ ಆಕಾಶ. ಗಿಡ ಅಪರೂಪ, ಕಲ್ಲು ಇನ್ನೂ ಅಪರೂಪ. ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ, ಜೋಳ, ಗೋಧಿ, ನಡುನಡುವೆ ಹತ್ತಿ. ಬೇಸಿಗೆಯಲ್ಲಿ ಈ ನೆಲ ಬಾಯಿ ಬಿಟ್ಟಾಗ ಬಿರುಕಿನೊಳಗೆ ಹುಡುಗರ ಕೈ ಮೊಳಕೈವರೆಗೆ ಇಳಿಯುತ್ತದೆ. ಹೊತ್ತು ಮುಳುಗಿದ ಮೇಲೆ ಈ ಬಯಲಿನಲ್ಲಿ ದೂರದ ಊರು ಇಂಥಲ್ಲಿದೆ ಎಂದು ತಿಳಿಯುವುದು ಎರಡು ಬೆಳಕಿನಿಂದ. ಒಂದು ಬೀದಿದೀಪದ ಬಿಳಿ. ಇನ್ನೊಂದು, ಒಮ್ಮೆ ಹೊತ್ತಿ ಒಮ್ಮೆ ಆರಿ ಮಿಂಚಿನಂತೆ ನಡುಗುವ ನೀಲಿ. ಅದು ವೆಲ್ಡಿಂಗ್ ಅಂಗಡಿಯ ಕಿಡಿ.

ಪಂಕ್ಚರ್ ತಿದ್ದುವವನ ಪಕ್ಕದಲ್ಲಿ, ಚಹದಂಗಡಿಯ ಎದುರಿನಲ್ಲಿ, ನಾಲ್ಕು ತಗಡಿನ ಕೆಳಗೆ ನಡೆಯುವ ಈ ಅಂಗಡಿ ಇಲ್ಲದ ದೊಡ್ಡ ಹಳ್ಳಿ ಈಗ ಈ ಸೀಮೆಯಲ್ಲಿ ಸಿಗಲಿಕ್ಕಿಲ್ಲ. ಟ್ರ್ಯಾಕ್ಟರಿನ ಟ್ರಾಲಿ, ಕುಂಟೆಯ ತಾಳು, ಕೂರಿಗೆಯ ಕೊಳವೆ, ಮನೆಯ ಗೇಟು, ಕಿಟಕಿಯ ಸರಳು ಎಲ್ಲಕ್ಕೂ ಅವನೇ ವೈದ್ಯ. ನಾನು ಶಾಲೆಗೆ ಹೋಗುವ ಕಾಲಕ್ಕೆ ಈ ಜಾಗದಲ್ಲಿ ಕುಲುಮೆ ಇತ್ತು. ತಿದಿ ಒತ್ತಿ, ಕಬ್ಬಿಣದ ಎರಡು ತುದಿಗಳನ್ನು ಬೆಳ್ಳಗಾಗುವವರೆಗೆ ಕಾಯಿಸಿ, ಒಂದರ ಮೇಲೊಂದಿಟ್ಟು ಬಡಿದು ಒಂದು ಮಾಡುತ್ತಿದ್ದರು. ಚಕ್ಕಡಿಯ ಗಾಲಿಗೆ ಹಳಿ ಹಾಕುವ ದಿನವಂತೂ ನಮಗೆ ಹಬ್ಬ. ನಾಲ್ಕಡಿ ವ್ಯಾಸದ ಹಳಿಯನ್ನು 500 ಡಿಗ್ರಿಯಷ್ಟು ಕಾಯಿಸಿದರೆ ಅದರ ಸುತ್ತಳತೆ ಎರಡು ಸೆಂಟಿಮೀಟರಿಗೂ ಮಿಕ್ಕಿ ಹಿಗ್ಗುತ್ತದೆ ಎಂದು ಈಗ ಕರಿಹಲಗೆಯ ಮೇಲೆ ಲೆಕ್ಕ ಮಾಡಿ ತೋರಿಸುತ್ತೇನೆ. ನೀರು ಬಿದ್ದಾಗ ಹಳಿ ಕುಗ್ಗಿ ಗಾಲಿಯನ್ನು ಬಿಗಿಯಾಗಿ ಅಪ್ಪುವ ಸದ್ದನ್ನು ಮಾತ್ರ ಕರಿಹಲಗೆಯ ಮೇಲೆ ತೋರಿಸಲಾಗದು.

ಎತ್ತು ಕಡಿಮೆಯಾದವು, ಟ್ರ್ಯಾಕ್ಟರ್ ಬಂತು, ಕುಲುಮೆ ಆರಿತು, ನೀಲಿ ಕಿಡಿ ಹೊತ್ತಿತು. ಈಗ ಆ ಕಿಡಿ ಅಂಗಡಿಯಿಂದ ಮನೆಯ ಅಂಗಳಕ್ಕೂ ಬರುತ್ತಿದೆ. ಐದಾರು ಕಿಲೋ ತೂಕದ, ಬಗಲಿಗೆ ನೇತುಹಾಕಿಕೊಳ್ಳಬಹುದಾದ ವೆಲ್ಡಿಂಗ್ ಯಂತ್ರಗಳು ಪೇಟೆಯಲ್ಲಿ ಸಾಲಾಗಿ ಕೂತಿವೆ. ಹತ್ತನೆಯತ್ತೆ ಮುಗಿಸಿದ ಹುಡುಗನಿಗೆ ಅದೊಂದು ಕೈಗೆ ಸಿಕ್ಕರೆ ಸೈಕಲ್ಲಿಗೆ ಕ್ಯಾರಿಯರ್ ಮಾಡಬೇಕು, ಆಡಿಗೆ ಮೇವಿನ ಗೋದಲಿ ಮಾಡಬೇಕು, ವಿಜ್ಞಾನ ಪ್ರದರ್ಶನಕ್ಕೆ ದೂರದರ್ಶಕದ ನಿಲುಗಾಲು ಮಾಡಬೇಕು ಎಂಬ ಆಸೆ. ಒಳ್ಳೆಯ ಆಸೆಯೇ. ಆದರೆ ಹಣ ಕೊಡುವವರು ಪಾಲಕರು.

ಅಣ್ಣಿಗೇರಿ ತಾಲೂಕಿನ ಹಳ್ಳಿಯೊಂದರ ರೈತರು, ನನ್ನ ವಿದ್ಯಾರ್ಥಿಯೊಬ್ಬನ ತಂದೆ, ಬೇಸಿಗೆ ರಜೆಗೆ ಮುಂಚೆ ಶಾಲೆಯ ಬಾಗಿಲಿಗೇ ಬಂದರು. "ಸರ, ಇವ ಒಂದ ಹಟ ಹಿಡದಾನ್ರಿ, ವೆಲ್ಡಿಂಗ್ ಮಷಿನ್ ಬೇಕಂತ. ಅಂಗಡ್ಯಾವ ಎರಡನೂರು ಆಂಪ್ಸಿಂದು ತಗೋರಿ ಅಂತಾನ, ಇವ ಎರಡನೂರಾ ಐವತ್ತರದ್ದ ಬೇಕ ಅಂತಾನ. ನಮಗೇನ ತಿಳಿತೈತ್ರಿ? ಕಡ್ಲಿ ಮಾರಿದ ರೊಕ್ಕ ಐತಿ. ಸುಟ್ಟಗೊಂಡ ಹೋಗಬಾರದು ನೋಡ್ರಿ." ಸುಟ್ಟುಕೊಂಡು ಹೋಗಬಾರದು ಎಂದು ಅವರು ಹೇಳಿದ್ದು ರೊಕ್ಕದ ಬಗ್ಗೆ. ನನ್ನ ಮನಸ್ಸಿಗೆ ಬಂದದ್ದು ಮನೆಯ ವೈರು ಮತ್ತು ಹುಡುಗನ ಕಣ್ಣು. ರಜೆಯಲ್ಲಿ ಹೇಗೂ ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ಕಡೆ ಕೆಲಸವಿತ್ತು. ಹೋದಲ್ಲೆಲ್ಲ ಬೆಸುಗೆಯವರ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತು ಬಂದೆ.

ನವಲಗುಂದ ಜಮಖಾನೆಗೆ ಹೆಸರಾದ ಊರು. 1980ರ ಜುಲೈ 21ರ ರೈತ ಬಂಡಾಯವನ್ನು ಮರೆಯದ ಊರು. ಅಲ್ಲಿನ ಅಂಗಡಿಯೊಂದರಲ್ಲಿ ಹಳತು ಹೊಸತು ಎರಡೂ ಯಂತ್ರಗಳು ಪಕ್ಕಪಕ್ಕದಲ್ಲೇ ಇದ್ದವು. ಹಳೆಯದು ತಂದೆಯದು: ಎಣ್ಣೆ ತುಂಬಿದ ಕಬ್ಬಿಣದ ಪೆಟ್ಟಿಗೆ, ಕೆಳಗೆ ಗಾಲಿ, ಎತ್ತಲು ನಾಲ್ಕು ಜನ ಬೇಕು. ಒಳಗಿರುವುದು ಒಂದು ದಪ್ಪ ಪರಿವರ್ತಕ, ಅಂದರೆ ಟ್ರಾನ್ಸ್‌ಫಾರ್ಮರ್. ಎರಡು ಫೇಸುಗಳ ನಡುವಿನ 415 ವೋಲ್ಟನ್ನು ಇಳಿಸಿ, ವೋಲ್ಟು ಕಡಿಮೆ ಆಂಪಿಯರ್ ಹೆಚ್ಚು ಮಾಡಿ ಕೊಡುತ್ತದೆ. ಹೊಸದು ಮಗನದು: ಊಟದ ಬುತ್ತಿಯಷ್ಟೇ ಅನ್ನಿಸುವ ಪೆಟ್ಟಿಗೆ, ಒಂದೇ ಫೇಸು, 230 ವೋಲ್ಟು. ಇದಕ್ಕೆ ಇನ್ವರ್ಟರ್ ಯಂತ್ರ ಎನ್ನುತ್ತಾರೆ. ಪಾಲಕರು ಇಲ್ಲೊಂದು ಮಾತು ತಿಳಿದಿರಬೇಕು. ಇದು ಕರೆಂಟು ಹೋದಾಗ ದೀಪ ಉರಿಸುವ, ಬ್ಯಾಟರಿ ಇಟ್ಟ ಇನ್ವರ್ಟರ್ ಅಲ್ಲ. ಹೆಸರಷ್ಟೇ ಒಂದು. ಮನೆಯ ಆ ಇನ್ವರ್ಟರಿಗೆ ವೆಲ್ಡಿಂಗ್ ಯಂತ್ರ ಜೋಡಿಸಿದರೆ ಕೆಡುವುದು ಅದೇ ಮೊದಲು.

ನಾಲ್ಕು ಜನ ಎತ್ತುವ ಕೆಲಸವನ್ನು ಐದು ಕಿಲೋದ ಪೆಟ್ಟಿಗೆ ಮಾಡುವುದು ಹೇಗೆ? ನವಲಗುಂದದ ಸೀಮೆಯಲ್ಲಿ ನೀರು ಹೊರದ ಮನೆಯಿಲ್ಲ, ಅದನ್ನೇ ಹೋಲಿಕೆ ತೆಗೆದುಕೊಳ್ಳೋಣ. ಕೆರೆಯಿಂದ ತಾಸಿಗೆ ಇಷ್ಟು ನೀರು ಬರಬೇಕು ಎಂದರೆ ದೊಡ್ಡ ಕೊಡದಲ್ಲಿ ನಿಧಾನವಾಗಿ ತರಬಹುದು, ಚಿಕ್ಕ ತಂಬಿಗೆ ಹಿಡಿದು ಓಡೋಡಿ ತರಲೂಬಹುದು. ನಮ್ಮ ತಂತಿಯಲ್ಲಿ ಬರುವ ವಿದ್ಯುತ್ತು ಸೆಕೆಂಡಿಗೆ 50 ಆವರ್ತ. ಈ ನಿಧಾನಕ್ಕೆ ದೊಡ್ಡ ಕೊಡ ಬೇಕು, ಅಂದರೆ ದೊಡ್ಡ ಕಬ್ಬಿಣದ ತಿರುಳು, ಕಿಲೋಗಟ್ಟಲೆ ತಾಮ್ರ. ಇನ್ವರ್ಟರ್ ಯಂತ್ರ ಮೊದಲು ಪರ್ಯಾಯ ವಿದ್ಯುತ್ತನ್ನು ನೇರ ವಿದ್ಯುತ್ತಾಗಿ ಮಾಡುತ್ತದೆ. ಬಳಿಕ ಅರೆವಾಹಕದ ಸ್ವಿಚ್ಚುಗಳಿಂದ ಅದನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕತ್ತರಿಸಿ, ಚಿಕ್ಕದೊಂದು ಪರಿವರ್ತಕದ ಮೂಲಕ ಹಾಯಿಸಿ, ಮತ್ತೆ ನೇರ ಮಾಡಿ ಹೊರಗೆ ಕೊಡುತ್ತದೆ. ಓಟ ಜೋರು, ತಂಬಿಗೆ ಸಾಕು. ನೇರ ವಿದ್ಯುತ್ತಿನಿಂದ ಇನ್ನೊಂದು ಲಾಭವೂ ಉಂಟು. ಪರ್ಯಾಯ ವಿದ್ಯುತ್ತಿನ ಕಿಡಿ ಸೆಕೆಂಡಿಗೆ ನೂರು ಸಲ ಸೊನ್ನೆಗೆ ಇಳಿದು ಏರುತ್ತದೆ. ನೇರ ವಿದ್ಯುತ್ತಿನದು ಸ್ಥಿರ. ಹೊಸ ಕೈಗೆ ಕಿಡಿ ನಿಲ್ಲಿಸುವುದು ಸುಲಭ.

ತೂಕ ಇದ್ದದ್ದು ಗಟ್ಟಿ ಎಂದು ನಮ್ಮ ಹಿರಿಯರು ಪಾತ್ರೆಯನ್ನು ಕೈಯಲ್ಲಿ ತೂಗಿ ನೋಡಿ ಕೊಳ್ಳುತ್ತಿದ್ದರು. ಆ ರೂಢಿಯಿಂದ ಕೆಲವರು ಹಳೆಯ ಭಾರದ ಯಂತ್ರವನ್ನೇ ಸೆಕೆಂಡ್‌ಹ್ಯಾಂಡ್ ಹುಡುಕುತ್ತಾರೆ. ಅದು ಕೆಟ್ಟರೆ ಮೋಟಾರ್ ವೈಂಡಿಂಗ್ ಮಾಡುವವನೇ ಸರಿಪಡಿಸಬಲ್ಲ, ನಿಜ. ಆದರೆ ಮನೆಗೆ ಎರಡು ಫೇಸು ಎಲ್ಲಿಂದ? ಹೊಲದ ಪಂಪ್‌ಸೆಟ್ಟಿಗೆ ಮೂರು ಫೇಸು ಬರುವುದು ದಿನದ ಕೆಲವು ತಾಸು, ಆ ವಿದ್ಯುತ್ತನ್ನು ಬೇರೆ ಕೆಲಸಕ್ಕೆ ಬಳಸುವುದು ಕಾನೂನಿಗೆ ವಿರುದ್ಧ. ಕಂಬದ ತಂತಿಗೆ ಕೊಕ್ಕೆ ಹಾಕುವ ಮಾತಂತೂ ಆಡುವುದೇ ಬೇಡ. ಹೊರಗೆ ತಾಮ್ರ ಎಂದು ಹೇಳಿ ಒಳಗೆ ಅಲ್ಯೂಮಿನಿಯಂ ಸುತ್ತಿದ ಪೆಟ್ಟಿಗೆಗಳೂ ಇವೆ. ಮನೆಯ ಹವ್ಯಾಸಕ್ಕೆ, ಒಂದೇ ಫೇಸಿನವರಿಗೆ ಇನ್ವರ್ಟರ್ ಯಂತ್ರವೇ ಸರಿ ಎಂಬುದು ನನ್ನ ಅಭಿಪ್ರಾಯ. ಐದರಿಂದ ಹತ್ತು ಸಾವಿರ ರೂಪಾಯಿಯೊಳಗೆ ಒಂದು ಸಾಧಾರಣ ಯಂತ್ರ ಬರುತ್ತದೆ.

ಇನ್ನು ಆ ಎರಡನೂರು, ಎರಡನೂರೈವತ್ತರ ಜಗಳ. ಅದು ತೀರಿದ್ದು ಅಣ್ಣಿಗೇರಿಯ ಆ ರೈತರ ಮನೆಯಲ್ಲಿ.

ಅಣ್ಣಿಗೇರಿ ಎಂದರೆ ಓದಿದವರಿಗೆ ಪಂಪ ನೆನಪಾಗುತ್ತಾನೆ, ಶಿಲ್ಪ ನೋಡುವವರಿಗೆ ಕಲ್ಯಾಣ ಚಾಲುಕ್ಯರ ಕಾಲದ ಅಮೃತೇಶ್ವರ ಗುಡಿ. ನಾನು ವಿದ್ಯಾರ್ಥಿಗಳಿಗೆ ರೈಲು ನಿಲ್ದಾಣದ ಹತ್ತಿರ ನಿಂತು ಹಳಿಯ ಕೂಡುಗಳನ್ನೂ ನೋಡಲು ಹೇಳುತ್ತೇನೆ. ರೈಲು ಹಳಿಯನ್ನು ಸ್ಥಳದಲ್ಲೇ ಬೆಸೆಯಲು ಥರ್ಮಿಟ್ ಎಂಬ ವಿಧಾನ ಉಂಟು. ಅಲ್ಯೂಮಿನಿಯಂ ಪುಡಿ ಮತ್ತು ಕಬ್ಬಿಣದ ಆಕ್ಸೈಡ್ ಕೂಡಿಸಿ ಹೊತ್ತಿಸಿದರೆ ಅಲ್ಯೂಮಿನಿಯಂ ಆಮ್ಲಜನಕವನ್ನು ಕಿತ್ತುಕೊಳ್ಳುತ್ತದೆ, ಕಬ್ಬಿಣ ಕರಗಿ ನೀರಾಗಿ ಹಳಿಗಳ ನಡುವಿನ ಸಂದಿಗೆ ಇಳಿಯುತ್ತದೆ. ಜರ್ಮನಿಯ ಹಾನ್ಸ್ ಗೋಲ್ಡ್‌ಸ್ಮಿತ್ 1890ರ ದಶಕದಲ್ಲಿ ಕಂಡುಕೊಂಡದ್ದು. ಪರೀಕ್ಷೆಗೆ ಬರುವ ಸಮೀಕರಣ ಇದೇ. ಮನೆಯಲ್ಲಿ ಮಾಡಿ ನೋಡುವ ಪ್ರಯೋಗ ಮಾತ್ರ ಅಲ್ಲ. ಬೆಸುಗೆ ಎಂದರೆ ಅಂಟಿಸುವುದಲ್ಲ, ಎರಡೂ ಲೋಹಗಳು ಕರಗಿ ಒಂದೇ ಆಗುವುದು ಎಂಬುದು ಇಲ್ಲಿ ಚೆನ್ನಾಗಿ ತಿಳಿಯುತ್ತದೆ. ಕಬ್ಬಿಣ ಕರಗಲು 1538 ಡಿಗ್ರಿ ಸೆಲ್ಸಿಯಸ್ ಬೇಕು. ವಿದ್ಯುತ್ ಕಿಡಿಯ ಉಷ್ಣತೆ ಅದರ ಎರಡು ಮೂರು ಪಟ್ಟು.

ಹಳ್ಳಿಗೆ ಹೋಗಿ ಮೊದಲು ಕೇಳಿದ್ದು ವಿದ್ಯುತ್ ಬಿಲ್ಲನ್ನು. ಗೃಹಜ್ಯೋತಿ ಯೋಜನೆ 2023ರಲ್ಲಿ ಬಂದ ಮೇಲೆ ಬಿಲ್ಲಿನಲ್ಲಿ ಯೂನಿಟ್ ನೋಡುವ ರೂಢಿ ಎಲ್ಲರಿಗೂ ಆಗಿದೆ. ಅದೇ ಕಾಗದದಲ್ಲಿ ಮಂಜೂರಾದ ಹೊರೆ ಎಷ್ಟು ಕಿಲೋವ್ಯಾಟ್ ಎಂಬುದೂ ಇರುತ್ತದೆ. ಅವರದು ಒಂದು ಕಿಲೋವ್ಯಾಟ್. ಹುಡುಗನಿಗೆ ಅಂಗಳದಲ್ಲೇ ಲೆಕ್ಕ ಕೊಟ್ಟೆ.

ಮನೆಯ ಕೆಲಸಕ್ಕೆ ಬೇಕಾಗುವ ಎರಡೂವರೆ ಮಿಲಿಮೀಟರ್ ರಾಡು, ನಮ್ಮ ಕಡೆ ಹನ್ನೆರಡು ನಂಬರ್ ಎನ್ನುವುದು, ಸುಮಾರು 80 ಆಂಪಿಯರಿನಲ್ಲಿ ಉರಿಯುತ್ತದೆ. ಕಿಡಿಯ ಎರಡು ತುದಿಗಳ ನಡುವೆ ಸುಮಾರು 23 ವೋಲ್ಟು. ಗುಣಿಸಿದರೆ 1840 ವ್ಯಾಟ್. ಯಂತ್ರದೊಳಗೆ ನಷ್ಟವಾಗುವುದನ್ನು ಸೇರಿಸಿದರೆ ಗೋಡೆಯಿಂದ ಎಳೆಯುವುದು 2300 ವ್ಯಾಟಿನ ಸುಮಾರು. 230 ವೋಲ್ಟಿಗೆ ಇದು 10 ಆಂಪಿಯರ್. ಅಗ್ಗದ ಯಂತ್ರಗಳ ಪವರ್ ಫ್ಯಾಕ್ಟರ್ ಒಳ್ಳೆಯದಿರುವುದಿಲ್ಲವಾದ್ದರಿಂದ ನಿಜವಾಗಿ 14ರ ಹತ್ತಿರ. ಗೀಸರಿಗೆ ಹಾಕುವ 16 ಆಂಪಿಯರಿನ ದೊಡ್ಡ ಪ್ಲಗ್ಗು ಇದನ್ನು ತಾಳಿಕೊಳ್ಳುತ್ತದೆ. ಆದರೆ ಸಂಜೆ ಊರೆಲ್ಲ ದೀಪ ಹಚ್ಚಿದಾಗ ವೋಲ್ಟೇಜು 180ಕ್ಕೆ ಇಳಿಯಿತೆನ್ನಿ. ಅದೇ ಶಕ್ತಿಗೆ ಯಂತ್ರ 18 ಆಂಪಿಯರ್ ಎಳೆಯಬೇಕು. ಪ್ಲಗ್ಗು ಬಿಸಿ, ಫ್ಯೂಜು ಹೋಗುವುದು. ಇನ್ನು 200 ಆಂಪಿಯರನ್ನು ಪೂರ್ತಿ ಬಳಸಬೇಕೆಂದರೆ? ಗೋಡೆಯಿಂದ 7000 ವ್ಯಾಟ್, 30 ಆಂಪಿಯರಿಗೂ ಮಿಕ್ಕಿ. ಆ ಮನೆಯ ಕಂಬದಿಂದ ಬಂದ ತಂತಿಗೆ ಅದು ಆಗುವ ಮಾತೇ ಅಲ್ಲ.

ಹುಡುಗ ಸ್ವಲ್ಪ ಹೊತ್ತು ನೆಲ ನೋಡಿದ. ಆಮೇಲೆ, "ಹಂಗಾದ್ರ ಎರಡನೂರಾ ಐವತ್ತರದ್ದು ತಗೊಂಡ್ರೂ ನಮ್ಮನ್ಯಾಗ ನೂರರ ಮ್ಯಾಲ ನಡಿಯಂಗಿಲ್ಲ ಅಲ್ರಿ ಸರ?" ಎಂದ. ಅಷ್ಟೇ ವಿಷಯ. ಡಬ್ಬಿಯ ಮೇಲಿನ ಅಂಕಿಗೆ ಹಣ ಕೊಡುತ್ತೇವೆ, ನಮ್ಮ ಗೋಡೆ ಕೊಡುವುದು ಅದರ ಅರ್ಧವನ್ನು. ಅಗ್ಗದ ಡಬ್ಬಿಯ ಅಂಕಿ ಎಷ್ಟೋ ಸಲ ಬರೀ ಅಂಕಿಯೇ, ಅದು ಬೇರೆ ಮಾತು.

ನಾನು ಚೀಲದಲ್ಲಿ ಒಂದು ಮಲ್ಟಿಮೀಟರ್ ಒಯ್ದಿದ್ದೆ. ಅದನ್ನು ಹುಡುಗನಿಗೆ ಕೊಟ್ಟು, ಒಂದು ವಾರ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಊಟದ ಹೊತ್ತಿಗೆ ತಂದೆಯ ಎದುರಿಗೇ ಪ್ಲಗ್ಗಿನ ವೋಲ್ಟೇಜು ನೋಡಿ ಬರೆದಿಡು ಎಂದೆ. ಯಂತ್ರ ಕೊಳ್ಳುವ ಮುಂಚೆ ಪ್ರತಿಯೊಬ್ಬರೂ ಮಾಡಬೇಕಾದ ಕೆಲಸ ಇದು. ಖರ್ಚು ಏನೂ ಇಲ್ಲ. ಅವನ ಪಟ್ಟಿಯಲ್ಲಿ ಬೆಳಿಗ್ಗೆ ಹತ್ತರಿಂದ ನಾಲ್ಕರವರೆಗೆ 220ರ ಮೇಲಿತ್ತು, ರಾತ್ರಿ ಎಂಟಕ್ಕೆ 190ರ ಕೆಳಗೆ. ಬೆಸುಗೆ ಹಗಲಿನ ಕೆಲಸವೆಂದು ಅದೇ ಹೇಳಿತು. ತಂದೆ ಹೊರೆಯನ್ನು ಹೆಚ್ಚಿಸಿಕೊಳ್ಳಲು ಹೆಸ್ಕಾಂಗೆ ಅರ್ಜಿ ಹಾಕಿದರು. ಮೀಟರಿನಿಂದ ಅಂಗಳಕ್ಕೆ ನೇರವಾಗಿ, ಬೇರೆಯೇ ಒಂದು ಲೈನನ್ನು ನಾಲ್ಕು ಚದರ ಮಿಲಿಮೀಟರ್ ತಾಮ್ರದ ವೈರಿನಲ್ಲಿ ಎಳೆಸಿದರು. ಈ ದಪ್ಪವೇಕೆ ಎಂದರೆ, ಮೂವತ್ತು ಮೀಟರ್ ಉದ್ದದ ಒಂದೂವರೆ ಚದರ ಮಿಲಿಮೀಟರ್ ವೈರಿನಲ್ಲಿ 16 ಆಂಪಿಯರ್ ಹರಿದರೆ ಹೋಗಿಬರುವ ದಾರಿಯಲ್ಲೇ ಹನ್ನೊಂದು ಹನ್ನೆರಡು ವೋಲ್ಟು ಸೋರಿಹೋಗುತ್ತದೆ. ಸೋರಿದ್ದು ಎಲ್ಲಿಗೂ ಹೋಗದೆ ವೈರಿನಲ್ಲೇ ಮೂರು 60 ವ್ಯಾಟ್ ಬಲ್ಬುಗಳಷ್ಟು ಬಿಸಿಯಾಗಿ ಕೂರುತ್ತದೆ. ಸುರುಳಿ ಸುತ್ತಿಟ್ಟ ಎಕ್ಸ್‌ಟೆನ್ಷನ್ ವೈರು ಕರಗಿ ಹೊಗೆಯಾಡುವುದು ಹೀಗೆ. ಆ ಮನೆಯ ಪಡಸಾಲೆಯಲ್ಲಿ ಹತ್ತಿಯ ಅಂಡಿಗೆ ಒಟ್ಟಿದ್ದರು. ಕಿಡಿ ಹತ್ತಡಿ ಹಾರುವುದು ಸಾಮಾನ್ಯ, ಹತ್ತಿ ಒಳಗೊಳಗೇ ಬೆಂದು ಎಷ್ಟೋ ಹೊತ್ತಿನ ಮೇಲೆ ಹೊತ್ತಿಕೊಳ್ಳುತ್ತದೆ. ಕೆಲಸದ ಜಾಗ ಪಡಸಾಲೆಯಿಂದ ಬೇವಿನ ಗಿಡದ ಆಚೆಗೆ ಹೋಯಿತು.

ಎರೆ ನೆಲದ ಒಂದು ವಿಶೇಷವನ್ನೂ ಹೇಳಬೇಕು. ಹಸಿಯಿದ್ದಾಗ ಇದು ವಿದ್ಯುತ್ತನ್ನು ಚೆನ್ನಾಗಿ ಹೀರಿಕೊಳ್ಳುವ ಮಣ್ಣು. ಅರ್ತಿಂಗಿಗೆ ಇಷ್ಟು ಅನುಕೂಲದ ನೆಲ ಕಡಿಮೆ. ಆದರೆ ಮಾರ್ಚ್ ಬಂತೆಂದರೆ ಒಣಗಿ, ಬಿರುಕು ಬಿಟ್ಟು, ಹುಗಿದ ಪೈಪನ್ನು ಬಿಟ್ಟು ದೂರ ಸರಿಯುತ್ತದೆ. ಬೇಸಿಗೆಯಲ್ಲಿ ಅರ್ತಿಂಗಿನ ಗುಂಡಿಗೆ ವಾರಕ್ಕೆರಡು ಕೊಡ ನೀರು ಹಾಕಬೇಕು. ಲೈನಿಗೆ ಒಂದು ಎಂ.ಸಿ.ಬಿ., ಜೊತೆಗೆ ಶಾಕ್ ತಡೆಯುವ ಆರ್.ಸಿ.ಸಿ.ಬಿ. ಹಾಕಿಸುವುದು ಯಂತ್ರದಷ್ಟೇ ಅವಶ್ಯ.

ಅಲ್ಲಿಂದ ಮುಂದಿನ ವಾರ ಕುಂದಗೋಳಕ್ಕೆ. ಸವಾಯಿ ಗಂಧರ್ವರ ಊರು. ಗಂಗೂಬಾಯಿ ಹಾನಗಲ್ಲರಿಗೂ ಭೀಮಸೇನ ಜೋಶಿಯವರಿಗೂ ಗುರುಗಳಾದವರ ನೆಲವಾದ್ದರಿಂದಲೋ ಏನೋ, ಅಲ್ಲಿನ ವೆಲ್ಡರರು ಹೇಳಿದ ಮೊದಲ ಮಾತೇ ಕಿವಿಯದು. "ಬರೇ ಕಣ್ಣಿಲೆ ನೋಡಬ್ಯಾಡ್ರಿ ಮಾಸ್ತರ್ರ, ಕಿವಿಲೆ ಕೇಳ್ರಿ. ಕಾದ ಎಣ್ಯಾಗ ಮಿರ್ಚಿ ಬಿಟ್ಟಂಗ ಚುರ್ ಅಂತ ಒಂದ ಸಮ ಸಪ್ಪಳ ಬರಬೇಕು. ಪಟಪಟ ಅಂತಂದ್ರ ರಾಡ್ ದೂರ ಹಿಡದೀರಿ, ಗಪ್ಪಂದ್ರ ಅಂಟಿಕೊಂಡೈತಿ." ಇಷ್ಟು ಚೆನ್ನಾಗಿ ಕಿಡಿಯ ಉದ್ದವನ್ನು ಯಾವ ಪುಸ್ತಕವೂ ನನಗೆ ಕಲಿಸಿಲ್ಲ.

ಮೂರು ಹೊತ್ತೂ ಗಾಳಿ ಬೀಸುವ ಆ ಬಯಲಿನ ಅಂಗಡಿಯಲ್ಲಿ ಇನ್ನೊಂದು ಪ್ರಶ್ನೆಯೂ ತೀರಿತು. ತಂತಿ ತಾನಾಗಿ ಬರುವ ಮಿಗ್, ಅನಿಲ ಬೇಕಾದ ಟಿಗ್ ಎಂಬ ಯಂತ್ರಗಳನ್ನು ಮೊಬೈಲಿನಲ್ಲಿ ನೋಡಿ ಹುಡುಗರು ಅವೇ ಬೇಕೆನ್ನುತ್ತಾರೆ. ಕಾದ ಲೋಹಕ್ಕೆ ಗಾಳಿಯ ಆಮ್ಲಜನಕ, ಸಾರಜನಕ ತಾಗಿದರೆ ಬೆಸುಗೆ ಪೊಳ್ಳು. ಅನಿಲದ ಯಂತ್ರದಲ್ಲಿ ಅದನ್ನು ಕಾಯುವುದು ಸಿಲಿಂಡರಿನ ಅನಿಲ. ಬಯಲ ಗಾಳಿಗೆ ಆ ಅನಿಲದ ಹೊದಿಕೆ ಹಾರಿಹೋಗುತ್ತದೆ, ಸಿಲಿಂಡರ್ ತುಂಬಿಸಲು ಮತ್ತೆ ಹುಬ್ಬಳ್ಳಿಗೇ ಓಡಬೇಕು. ರಾಡಿನ ಮೇಲಿನ ಲೇಪ ಉರಿದು ತಾನೇ ಹೊಗೆಯ ಹೊದಿಕೆಯಾಗುತ್ತದೆ, ಕರಗಿ ಚಿಟ್ಟಾಗಿ ಲೋಹದ ಮೇಲೆ ಕೂರುತ್ತದೆ. ಸ್ವೀಡನ್ನಿನ ಆಸ್ಕರ್ ಕೆಲ್‌ಬರ್ಗ್ 20ನೇ ಶತಮಾನದ ಆರಂಭದಲ್ಲಿ ರಾಡಿಗೆ ಲೇಪ ಹಚ್ಚಿದ್ದರಿಂದಲೇ ಬೀದಿಬದಿಯ ಬೆಸುಗೆ ಸಾಧ್ಯವಾಯಿತು. ನಮ್ಮ ಬಯಲುಸೀಮೆಗೆ ರಾಡಿನ ಯಂತ್ರವೇ ವಾಸಿ.

ಎಷ್ಟು ಹೊತ್ತು ನಡೆಸಬಹುದು ಎಂಬುದಕ್ಕೆ ಯಂತ್ರದ ಹಿಂದೆ ಅಂಟಿಸಿದ ಫಲಕದಲ್ಲಿ ಶೇಕಡಾ ಲೆಕ್ಕ ಇರುತ್ತದೆ. ಶೇಕಡಾ 60 ಎಂದರೆ ಹತ್ತು ನಿಮಿಷದಲ್ಲಿ ಆರು ನಿಮಿಷ ಕೆಲಸ, ನಾಲ್ಕು ನಿಮಿಷ ವಿಶ್ರಾಂತಿ. ಹನ್ನೆರಡು ನಂಬರಿನ ರಾಡು ಒಂದು ನಿಮಿಷದ ಆಸುಪಾಸಿನಲ್ಲಿ ಮುಗಿಯುತ್ತದೆ. ಆಮೇಲೆ ಚಿಟ್ಟು ಕುಟ್ಟಬೇಕು, ತುಣುಕು ತಿರುಗಿಸಬೇಕು. ಹವ್ಯಾಸಿಯ ಕೈಯಲ್ಲಿ ಯಂತ್ರಕ್ಕೆ ವಿಶ್ರಾಂತಿ ತಾನಾಗಿ ಸಿಗುತ್ತದೆ, ಇದಕ್ಕಾಗಿ ಹೆಚ್ಚು ಹಣ ಸುರಿಯಬೇಕಿಲ್ಲ. ಅಂಗಡಿಯಲ್ಲಿ ಮಾತ್ರ ಐದಾರು ರಾಡುಗಳನ್ನು ಒಂದಾದ ಮೇಲೊಂದು ಉರಿಸಿ ತೋರಿಸಲು ಹೇಳಿ. ಹಾಗೆ ತೋರಿಸಲು ಒಪ್ಪದವನ ಹತ್ತಿರ ಕೊಳ್ಳಬೇಡಿ. ಜೊತೆಗೆ ಬರುವ ಕೇಬಲ್ಲನ್ನು ಉಗುರಿನಿಂದ ಕೆರೆದು ನೋಡಿ. ತಾಮ್ರದ ಬಣ್ಣದ ಕೆಳಗೆ ಬಿಳಿ ಕಂಡರೆ ಅದು ಅಲ್ಯೂಮಿನಿಯಂ. ಇನ್ವರ್ಟರ್ ಯಂತ್ರದ ಒಳಗಿನ ಬೋರ್ಡು ಸುಟ್ಟರೆ ಹಳ್ಳಿಯಲ್ಲಿ ಯಾರೂ ತಿದ್ದಲಾರರು. ಆದ್ದರಿಂದ ಪಕ್ಕಾ ಬಿಲ್ಲು, ವಾರಂಟಿ ಚೀಟಿ, ಹುಬ್ಬಳ್ಳಿಯಲ್ಲೇ ರಿಪೇರಿ ಮಾಡುವ ಜಾಗ ಇವು ಮೂರೂ ಇರುವ ಯಂತ್ರಕ್ಕೆ ಒಂದು ಸಾವಿರ ಹೆಚ್ಚು ಕೊಟ್ಟರೂ ಚಿಂತೆಯಿಲ್ಲ. ಯಂತ್ರದೊಳಗೆ ಫ್ಯಾನು ಎರೆ ಧೂಳನ್ನು ಎಳೆದು ತುಂಬುತ್ತದೆ, ತಿಂಗಳಿಗೊಮ್ಮೆ ಪ್ಲಗ್ಗು ಕಿತ್ತಿಟ್ಟು ಊದಿ ತೆಗೆಯಬೇಕು.

ಹುಬ್ಬಳ್ಳಿಯನ್ನು ದಾಟಿ ಕಲಘಟಗಿಯ ದಾರಿ ಹಿಡಿದರೆ ನೆಲದ ಬಣ್ಣವೇ ಬದಲಾಗುತ್ತದೆ. ಎರೆ ಹೋಗಿ ಕೆಂಪು, ಜೋಳ ಹೋಗಿ ಭತ್ತ, ಗೋವಿನಜೋಳ. ಮಾವು, ತೇಗ ಕಾಣಿಸುತ್ತವೆ. ನವಲಗುಂದದ ಮೂಲಕ ಬಂದ 52ನೇ ಹೆದ್ದಾರಿಯೇ ಮುಂದೆ ಯಲ್ಲಾಪುರದ ಕಾಡು ಹೊಕ್ಕು ಅಂಕೋಲೆಗೆ ಇಳಿಯುತ್ತದೆ. ಬಣ್ಣದ ತೊಟ್ಟಿಲಿನ ಈ ಊರಿನಲ್ಲಿ ಬೆಸುಗೆಯವನ ಶತ್ರು ಧೂಳಲ್ಲ, ತಂಡಿ. ಮಳೆಗಾಲದಲ್ಲಿ ರಾಡಿನ ಲೇಪ ಹಸಿ ಹಿಡಿಯುತ್ತದೆ. ಹಸಿ ರಾಡಿನಿಂದ ಹಾಕಿದ ಬೆಸುಗೆಯಲ್ಲಿ ತೂತು. ಅಲ್ಲಿನ ಅಂಗಡಿಯವರು ರಾಡುಗಳನ್ನು ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಟ್ಟು, ಬಳಸುವ ಮೊದಲು ಬಿಸಿಲಿಗೆ ಕಾದ ತಗಡಿನ ಮೇಲೆ ಹರಡುತ್ತಿದ್ದರು. ತೊಯ್ದ ನೆಲದಲ್ಲಿ ಬರಿಗಾಲಲ್ಲಿ ನಿಂತು ಬೆಸೆಯುವುದು ಪ್ರಾಣಕ್ಕೆ ಎರವು. ಕಿಡಿ ಹೊತ್ತದೆ ಇದ್ದಾಗ ರಾಡಿನಲ್ಲಿ 60ರಿಂದ 80 ವೋಲ್ಟು ಇರುತ್ತದೆ, ಬೆವರಿದ ಮೈಗೆ ಅದು ಕಡಿಮೆಯೇನಲ್ಲ. ಒಣಗಿದ ಹಲಗೆ, ರಬ್ಬರ್ ತಳದ ಬೂಟು, ಮೈತುಂಬ ಹತ್ತಿಯ ಬಟ್ಟೆ. ನೈಲಾನ್ ಅಂಗಿ ಕಿಡಿ ಬಿದ್ದರೆ ಕರಗಿ ಚರ್ಮಕ್ಕೆ ಅಂಟುತ್ತದೆ.

ಕಣ್ಣಿನ ವಿಷಯ ಪಾಲಕರು ಬೇರೆಯಾಗಿಯೇ ಕೇಳಬೇಕು. 1980ರ ಫೆಬ್ರವರಿ 16ರ ಖಗ್ರಾಸ ಸೂರ್ಯಗ್ರಹಣದ ಪಥ ನಮ್ಮ ಹುಬ್ಬಳ್ಳಿ ಸೀಮೆಯ ಮೇಲೆಯೇ ಹಾದುಹೋಯಿತು. ಆಗ ನಾವು ಹುಡುಗರು. ಕಣ್ಣು ಹೋಗುತ್ತದೆಂದು ಬಾಗಿಲು ಹಾಕಿ ಒಳಗೆ ಕೂಡಿಸಿದ್ದರು. ಒಂದು ದಿನದ ಸೂರ್ಯನಿಗೆ ಅಷ್ಟು ಅಂಜಿದ ಊರುಗಳಲ್ಲೇ ಈಗ ಮಕ್ಕಳು ಶಾಲೆಯಿಂದ ಬರುವಾಗ ಅಂಗಡಿಯ ಮುಂದೆ ನಿಂತು ಬೆಸುಗೆಯ ಕಿಡಿಯನ್ನು ಬರಿಗಣ್ಣಿನಿಂದ ನೋಡುತ್ತಾರೆ. ಆ ಕಿಡಿಯಲ್ಲಿ ಕಣ್ಣಿಗೆ ಕಾಣದ ಅತಿನೇರಳೆ ಕಿರಣ ಹೇರಳ. ನೋಡುವಾಗ ಏನೂ ಆಗುವುದಿಲ್ಲ, ಅದೇ ಮೋಸ. ಆರೇಳು ತಾಸಿನ ಮೇಲೆ, ನಡುರಾತ್ರಿ, ಕಣ್ಣಿಗೆ ಉಸುಕು ಹಾಕಿ ತಿಕ್ಕಿದಂತೆ ಉರಿ, ನೀರು. ಎದೆಹಾಲು ಹಿಂಡುವುದು, ಆಲೂಗಡ್ಡೆ ಹೋಳು ಇಡುವುದು ನಮ್ಮಲ್ಲಿ ರೂಢಿ. ಅದನ್ನು ಬಿಟ್ಟು ಕಣ್ಣಿನ ವೈದ್ಯರ ಹತ್ತಿರ ಹೋಗಬೇಕು. ಬಿಸಿಲಿನ ಕರಿ ಕನ್ನಡಕ ಇದಕ್ಕೆ ಏನೇನೂ ಸಾಲದು. ಮುಖ, ಕೊರಳು ಮುಚ್ಚುವ ಹೆಲ್ಮೆಟ್ಟು, ಅದರಲ್ಲಿ 10 ಅಥವಾ 11ನೇ ನಂಬರಿನ ಕಪ್ಪು ಗಾಜು ಬೇಕು. ಪಕ್ಕದಲ್ಲಿ ನೋಡುತ್ತ ನಿಲ್ಲುವ ತಂಗಿಗೂ ಅದೇ ನಿಯಮ.

ಇನ್ನೊಂದು ಎಚ್ಚರಿಕೆ ಕೊಳವೆಬಾವಿಯ ಹಳೆಯ ಜಿ.ಐ. ಪೈಪಿನದು. ಹಳ್ಳಿಯಲ್ಲಿ ಪುಕ್ಕಟೆ ಸಿಗುವ ಕಬ್ಬಿಣ ಅದೇ ಆದ್ದರಿಂದ ಹುಡುಗರ ಕೈ ಮೊದಲು ಅಲ್ಲಿಗೇ ಹೋಗುತ್ತದೆ. ಅದರ ಮೇಲಿನ ಸತುವಿನ ಲೇಪ 907 ಡಿಗ್ರಿಗೆ ಕುದಿದು ಬಿಳಿ ಹೊಗೆಯಾಗುತ್ತದೆ. ಆ ಹೊಗೆ ಕುಡಿದವನಿಗೆ ರಾತ್ರಿ ಚಳಿಜ್ವರ. ಹಾಲು ಕುಡಿದರೆ ಹೋಗುತ್ತದೆ ಎಂಬುದು ಬರೀ ನಂಬಿಕೆ. ಕಲಿಯುವವರು ಲೇಪವಿಲ್ಲದ ಕಬ್ಬಿಣವನ್ನೇ ಹಿಡಿಯಲಿ. ಪೆಟ್ರೋಲ್, ಡೀಸೆಲ್ ಇದ್ದ ಡಬ್ಬಿಯನ್ನು, ಎಷ್ಟೇ ತೊಳೆದಿದ್ದರೂ, ಮುಟ್ಟಲೇಕೂಡದು.

ಆದ್ದರಿಂದ ಹತ್ತು ಹನ್ನೆರಡು ಸಾವಿರ ಇದೆಯೆಂದು ಅಷ್ಟನ್ನೂ ಯಂತ್ರಕ್ಕೆ ಹಾಕಬಾರದು. ಅರ್ಧದಷ್ಟು ಉಳಿಸಿಕೊಂಡರೆ ಹೆಲ್ಮೆಟ್ಟು, ಚರ್ಮದ ಕೈಗವಸು, ವೈರು, ಎಂ.ಸಿ.ಬಿ., ಒಂದು ಕಟ್ಟು ರಾಡು, ಚಿಟ್ಟು ಕುಟ್ಟುವ ಸುತ್ತಿಗೆ, ತಂತಿಯ ಬ್ರಷ್ಷು ಬರುತ್ತವೆ. ಗ್ರೈಂಡರ್ ಆಮೇಲೆ ಕೊಳ್ಳಬಹುದು, ಮೊದಲಿಗೆ ಗರಗಸ ಸಾಕು. ಇದನ್ನೇ ಉದ್ಯೋಗ ಮಾಡಬೇಕೆನ್ನುವವರಿಗೆ ಐ.ಟಿ.ಐ.ಗಳಲ್ಲಿ ಒಂದು ವರ್ಷದ ವೆಲ್ಡರ್ ತರಬೇತಿ ಉಂಟು. ಯಂತ್ರ ಕೊಡಿಸುವ ಮುಂಚೆ ಮಗನನ್ನು ಊರಿನ ಅಂಗಡಿಯಲ್ಲಿ ಹದಿನೈದು ದಿನ ಕೂಡಿಸಿದರೆ ಆಸೆ ಗಟ್ಟಿಯೋ ಜೊಳ್ಳೋ ಅಲ್ಲೇ ತಿಳಿಯುತ್ತದೆ. ಮಗಳನ್ನೂ ಕೂಡಿಸಬಹುದು. ಕೈ ನಡುಗದವರಿಗೆ ಒಲಿಯುವ ವಿದ್ಯೆ ಇದು, ಕೂರಿಗೆಯ ಬಟ್ಟಲಿಗೆ ಬೀಜ ಬಿಡುವ ಹೆಣ್ಣುಮಕ್ಕಳ ಕೈಯನ್ನು ನಮ್ಮ ಸೀಮೆಯಲ್ಲಿ ಯಾರು ನೋಡಿಲ್ಲ?

ಅಣ್ಣಿಗೇರಿಯ ಹುಡುಗ ಜೂನಿನಲ್ಲಿ 160 ಆಂಪಿಯರಿನದೊಂದು ಯಂತ್ರ ತಂದ. ಮೊದಲು ಏನು ಮಾಡಲಿ ಎಂದು ಕೇಳಿದಾಗ ಕಲಘಟಗಿಯ ಅಂಗಡಿಯವರು ಹೇಳಿದ್ದನ್ನೇ ಅವನಿಗೆ ಹೇಳಿದೆ. ಒಂದು ವಾರ ಬರೀ ಹಳೆಯ ಪಟ್ಟಿಯ ಮೇಲೆ ಗೆರೆ ಎಳೆಯುವುದು, ಜೋಡಿಸುವ ಮಾತಿಲ್ಲ. ಎಳೆದ ಗೆರೆಗಳು ಒಂದೇ ಅಗಲಕ್ಕೆ ಬಂದ ಮೇಲೆ ನೀರಿನ ಕೊಡ ಇಡುವ ನಿಲುಗಾಲು. ಅದಕ್ಕೆ ನಾಲ್ಕು ಕಾಲು ಬೇಡ, ಮೂರೇ ಇರಲಿ. ಹೊಸಬ ಕೊಯ್ದ ನಾಲ್ಕು ಕಾಲು ಸಮ ಬರುವುದಿಲ್ಲ, ಮೂರು ಕಾಲಿನದು ಎಂಥ ಅಂಗಳದಲ್ಲೂ ಅಲುಗಾಡುವುದಿಲ್ಲ.